ಗುಡ್ಡಗಾಡಿನ ಮಣ್ಣು ಸವಕಳಿ: ದಶಕಗಳ ಬದಲಾವಣೆಯನ್ನು ನಕ್ಷೆಗಿಳಿಸುವ ಬಗೆ

ಒಂದು ಹೆಕ್ಟೇರ್ ನೆಲದಿಂದ ಒಂದೇ ಮಿಲಿಮೀಟರ್ ದಪ್ಪದ ಮಣ್ಣು ಕೊಚ್ಚಿಹೋದರೂ ಅದು ಹನ್ನೆರಡು ಟನ್ನಿನಷ್ಟು ತೂಗಬಲ್ಲದು. ಇಷ್ಟು ತೆಳುವಾದ ನಷ್ಟ ಉಪಗ್ರಹದ ಕಣ್ಣಿಗೆ ಬೀಳದ ಕಾರಣ, ಸವಕಳಿಯನ್ನು ನೇರವಾಗಿ ಅಳೆಯದೆ, ಅದನ್ನು ಉಂಟುಮಾಡುವ ಅಂಶಗಳಿಂದ ಲೆಕ್ಕ ಹಾಕುವುದು ರೂಢಿ. ಪರಿಷ್ಕೃತ ಸಾರ್ವತ್ರಿಕ ಮಣ್ಣು ನಷ್ಟ ಸಮೀಕರಣವು ಮಳೆಯ ಹೊಡೆತ, ಮಣ್ಣಿನ ಸಡಿಲತೆ, ಇಳಿಜಾರಿನ ಉದ್ದ ಮತ್ತು ಕಡಿದಾದ ಪ್ರಮಾಣ, ಸಸ್ಯ ಹೊದಿಕೆ, ಸಂರಕ್ಷಣಾ ಕ್ರಮ ಇವೆಲ್ಲವನ್ನೂ ಗುಣಿಸಿ, ವರ್ಷಕ್ಕೆ ಹೆಕ್ಟೇರಿಗೆ ಎಷ್ಟು ಟನ್ ಎಂಬ ಉತ್ತರ ಕೊಡುತ್ತದೆ. ಕ್ಯೂಜಿಐಎಸ್‌ನಂಥ ಉಚಿತ ನಕ್ಷೆ ತಂತ್ರಾಂಶ ಈ ಗುಣಾಕಾರಕ್ಕೆ ಸಾಕು.

ಮೊದಲು ಹೋಲಿಸಬೇಕಾದ ಕಾಲಘಟ್ಟಗಳನ್ನು ಗೊತ್ತುಮಾಡಿಕೊಳ್ಳಿ. ಸಸ್ಯ ಹೊದಿಕೆಯನ್ನು ಉಪಗ್ರಹ ಚಿತ್ರಗಳಿಂದ ಅಂದಾಜಿಸಬೇಕು. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-5ರಿಂದ ಈಚೆಗೆ 30 ಮೀಟರ್ ಸ್ಪಷ್ಟತೆಯ ಚಿತ್ರಗಳು ಸಿಗುತ್ತವೆ; 2015ರಿಂದ ಸೆಂಟಿನೆಲ್-2ರ 10 ಮೀಟರ್ ಚಿತ್ರಗಳೂ ಇವೆ. ಹಳೆಯದಕ್ಕೆ ಒಂದು, ಹೊಸದಕ್ಕೆ ಇನ್ನೊಂದು ಬಳಸಿ ಹಾಗೆಯೇ ಕಳೆದರೆ ನಕ್ಷೆಯಲ್ಲಿ ಕಾಣುವುದು ಮಣ್ಣಿನ ಬದಲಾವಣೆಯಲ್ಲ, ಕ್ಯಾಮೆರಾದ ಬದಲಾವಣೆ. ಆದ್ದರಿಂದ ಎಲ್ಲವನ್ನೂ 30 ಮೀಟರಿಗೆ ತಂದು, ಎರಡೂ ಕಾಲಕ್ಕೆ ಒಂದೇ ಋತುವಿನ ಚಿತ್ರಗಳನ್ನು ಆರಿಸಿ, ಹಿಮ ಮತ್ತು ಮೋಡ ಇರುವ ಭಾಗಗಳನ್ನು ತೆಗೆದುಹಾಕಿ. ಬೆಟ್ಟದ ನೆರಳಿನಲ್ಲಿರುವ ಕಾಡು ಬಿಸಿಲಿಗೆ ಮುಖಮಾಡಿದ ಕಾಡಿಗಿಂತ ಬೇರೆಯಾಗಿ ಕಾಣುವುದರಿಂದ, ಹಸಿರು ಎಷ್ಟಿದೆ ಎಂದು ತೋರಿಸುವ ಸಸ್ಯ ಸೂಚ್ಯಂಕ ಎನ್‌ಡಿವಿಐ ಲೆಕ್ಕ ಹಾಕುವ ಮುನ್ನ ಬೆಳಕಿನ ವ್ಯತ್ಯಾಸವನ್ನು ಸರಿಪಡಿಸುವುದನ್ನು ಬಿಡಬಾರದು.

ಇಳಿಜಾರಿಗೆ ಎರಡೂ ಕಾಲಕ್ಕೆ ನೆಲದ ಎತ್ತರ ತೋರಿಸುವ ಒಂದೇ ಮಾದರಿ ಬಳಸಿ; 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಸಂಗ್ರಹಿಸಿದ ಎಸ್‌ಆರ್‌ಟಿಎಂ ದತ್ತಾಂಶ ಇದಕ್ಕೆ ಒದಗುತ್ತದೆ. ಮೂಲ ಸಮೀಕರಣದ ಪ್ರಮಾಣಿತ ತುಂಡು 22.13 ಮೀಟರ್ ಉದ್ದದ, ಶೇ 9ರಷ್ಟು ಇಳಿಜಾರಿನ ಹೊಲ. ಕಡಿದಾದ ಪರ್ವತಕ್ಕೆ ಅದನ್ನು ಹಾಗೆಯೇ ಅನ್ವಯಿಸಿದರೆ ನಂಬಲಾಗದ ಅಂಕಿಗಳು ಬರುತ್ತವೆ. ಇಳಿಜಾರಿನ ಉದ್ದಕ್ಕೆ ಮಿತಿ ಹಾಕಿ, ಬರಿ ಬಂಡೆ ಮತ್ತು ಹಿಮನದಿಗಳನ್ನು ಲೆಕ್ಕದಿಂದ ಹೊರಗಿಡಿ, ಏಕೆಂದರೆ ಅಲ್ಲಿ ಸವೆಯಲು ಮಣ್ಣೇ ಇಲ್ಲ.

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಮುಂದಿನ ಹಂತದಲ್ಲಿದೆ. ಸವಕಳಿ ಹೆಚ್ಚಿದ್ದು ಮಳೆ ಬಿರುಸಾದದ್ದರಿಂದಲೋ, ಹಸಿರು ಕಡಿಮೆಯಾದದ್ದರಿಂದಲೋ ಎಂದು ತಿಳಿಯದಿದ್ದರೆ ನಕ್ಷೆಯನ್ನು ನೋಡಿ ಯಾವ ಕ್ರಮವನ್ನೂ ಕೈಗೊಳ್ಳಲಾಗದು. ಹೀಗಾಗಿ ಲೆಕ್ಕವನ್ನು ಮೂರು ಬಾರಿ ಮಾಡಬೇಕು: ಮೊದಲು ಮಳೆಯನ್ನು ಹಳೆಯದರಲ್ಲೇ ಇಟ್ಟು ಹೊದಿಕೆಯನ್ನು ಮಾತ್ರ ಬದಲಿಸಿ, ಬಳಿಕ ಹೊದಿಕೆಯನ್ನು ಹಾಗೆಯೇ ಇಟ್ಟು ಮಳೆಯನ್ನು ಬದಲಿಸಿ, ಕೊನೆಗೆ ಎರಡನ್ನೂ ಒಟ್ಟಿಗೆ ಬದಲಿಸಿ. ಮಳೆಗೆ ಒಂದೆರಡು ವರ್ಷಗಳ ಅಂಕಿ ಸಾಲದು. 1981ರಿಂದ ಲಭ್ಯವಿರುವ ಚಿರ್ಪ್ಸ್ ಎಂಬ ಮಳೆ ದತ್ತಾಂಶದಿಂದ ದಶಕದ ಸರಾಸರಿ ತೆಗೆಯುವುದು ಮೇಲು.

ಹೊಸ ನಕ್ಷೆಯಿಂದ ಹಳೆಯದನ್ನು ಕಳೆದಾಗ ಬರುವ ಸಣ್ಣ ವ್ಯತ್ಯಾಸಗಳನ್ನು ‘ಬದಲಾವಣೆ ಇಲ್ಲ’ ಎಂದೇ ಗುರುತಿಸಿ. ಎರಡೂ ನಕ್ಷೆಗಳಿಗೆ ಬಣ್ಣದ ವರ್ಗಗಳು ಒಂದೇ ಇರಲಿ.

ಆಮೇಲೆ ನೆಲಕ್ಕೆ ಹೋಗಲೇಬೇಕು. ಹೊರಬಿದ್ದ ಮರದ ಬೇರುಗಳು ಮತ್ತು ನೆಟ್ಟ ಅಳತೆಗೂಟಗಳು ನಿಜವಾದ ನಷ್ಟವನ್ನು ತೋರಿಸುತ್ತವೆ. 1950 ಮತ್ತು 60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳಿಂದ ಮಣ್ಣಿಗೆ ಸೇರಿದ ವಿಕಿರಣಶೀಲ ಸೀಸಿಯಂ-137 ಎಷ್ಟು ಉಳಿದಿದೆ ಎಂಬುದರಿಂದ ದಶಕಗಳ ಸವಕಳಿಯನ್ನೂ ಅಂದಾಜಿಸಬಹುದು. ಈ ಸಮೀಕರಣವು ಹಾಳೆಯಂತೆ ಮತ್ತು ಕಿರುಕಾಲುವೆಗಳಲ್ಲಿ ಹರಿದುಹೋಗುವ ಮಣ್ಣನ್ನಷ್ಟೇ ಲೆಕ್ಕಿಸುವುದರಿಂದ, ಆಳವಾದ ಕೊರಕಲುಗಳನ್ನೂ ಭೂಕುಸಿತಗಳನ್ನೂ ಚಿತ್ರಗಳಲ್ಲಿ ಗುರುತಿಸಿ, ದಿನಾಂಕ ಸಹಿತ ಪ್ರತ್ಯೇಕ ಪದರವಾಗಿ ನಕ್ಷೆಗೆ ಸೇರಿಸಬೇಕು.