ಕಪಾಟು ತೆರೆಯುವ ಮುನ್ನ ಬರೆದ ಸಾಲುಗಳು

ಮಂಗಳೂರಿನ ಕಾಲೇಜೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ, ವಿದ್ಯಾರ್ಥಿಗಳು ತೊಡುವ ಬಟ್ಟೆಯಲ್ಲಾಗುವ ಬದಲಾವಣೆಯನ್ನು ಗಮನಿಸುವುದು ವೃತ್ತಿಯಿಂದ ಬಂದ ಅಭ್ಯಾಸ. ಸದಾ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬರುತ್ತಿದ್ದ ಹುಡುಗ ವಾರಗಟ್ಟಲೆ ಮುದುಡಿದ ಬಟ್ಟೆಯಲ್ಲೇ ಬಂದರೆ ಅವನ ನಿದ್ದೆ, ಊಟದ ಬಗ್ಗೆ ವಿಚಾರಿಸುತ್ತೇನೆ. ಹೀಗಿದ್ದೂ 2022ರ ಜನವರಿಯಲ್ಲಿ ತಂದೆಯವರು ತೀರಿಕೊಂಡ ಮೇಲೆ ಎಂಟು ತಿಂಗಳ ಕಾಲ ಎರಡೇ ಎರಡು ಬೂದು ಬಣ್ಣದ ಕುರ್ತಾಗಳನ್ನು ಸರದಿಯಂತೆ ತೊಡುತ್ತಿದ್ದುದು ನನ್ನ ಗಮನಕ್ಕೆ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಸಹೋದ್ಯೋಗಿಯೊಬ್ಬರು ಆ ಬಣ್ಣ ನನಗೆ ಅಷ್ಟು ಇಷ್ಟವೇ ಎಂದು ಸಹಜವಾಗಿ ಕೇಳಿದಾಗ, "ಮಳೆಗಾಲ ಅಲ್ವಾ, ಇದು ಬೇಗ ಒಣಗ್ತದೆ" ಎಂದುಬಿಟ್ಟೆ.

ಕರಾವಳಿಯಲ್ಲಿ ಈ ಉತ್ತರವನ್ನು ಯಾರೂ ಪ್ರಶ್ನಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಿನಲ್ಲಿ, ಚಾವಡಿಯ ಹಗ್ಗದ ಮೇಲೆ ಮೂರು ದಿನ ನೇತಾಡಿದರೂ ದಪ್ಪ ಬಟ್ಟೆ ಒಣಗದೆ ಕಮಟು ವಾಸನೆ ಹಿಡಿಯುತ್ತದೆ. ಆದರೂ ನನಗೆ ಕಸಿವಿಸಿಯಾಯಿತು. ಪ್ರಶ್ನೆ ಮುಗಿಯುವ ಮೊದಲೇ ಸಿದ್ಧವಾಗಿರುವ ಇಂಥ ಉತ್ತರಗಳನ್ನು ನನ್ನ ಕೋಣೆಯಲ್ಲಿ ಎಷ್ಟೋ ಮಂದಿಯಿಂದ ಕೇಳಿದ್ದೇನೆ.

ಅಂದು ಸಂಜೆ ಹಂಪನಕಟ್ಟೆಯಲ್ಲಿ ಒಂದು ನೋಟ್‌ಪುಸ್ತಕ ಕೊಂಡು ಮೂರು ಅಂಕಣಗಳನ್ನು ಎಳೆದೆ. ಮೊದಲನೆಯದರಲ್ಲಿ ಆ ಬೆಳಗಿನ ಮನಸ್ಥಿತಿಗೆ ಒಂದು ಹೆಸರು ಮತ್ತು ಅದರ ತೀವ್ರತೆಗೆ 0ಯಿಂದ 10ರವರೆಗಿನ ಒಂದು ಅಂಕಿ, ಎರಡನೆಯದರಲ್ಲಿ ತೊಟ್ಟ ಬಟ್ಟೆ, ಮೂರನೆಯದರಲ್ಲಿ ಅದನ್ನು ಆರಿಸಿದ ಕಾರಣ ಒಂದೇ ಸಾಲಿನಲ್ಲಿ. ಮೊದಲ ಅಂಕಣವನ್ನು ಕಪಾಟು ತೆರೆಯುವ ಮುನ್ನವೇ ತುಂಬಬೇಕು ಎಂಬುದೊಂದೇ ಕಟ್ಟುನಿಟ್ಟಿನ ನಿಯಮ. ಏಕೆಂದರೆ ಬಟ್ಟೆ ತೊಟ್ಟಾದ ಮೇಲೆ ಬರೆಯಲು ಕುಳಿತರೆ, ತೊಟ್ಟದ್ದಕ್ಕೆ ಹೊಂದುವಂತೆ ಮನಸ್ಸಿನ ಕತೆಯನ್ನೂ ನಾವೇ ತಿದ್ದಿಕೊಳ್ಳುತ್ತೇವೆ. ಹೀಗೆ 42 ದಿನ ಬರೆದೆ.

ಕೊನೆಗೆ ಓದಿದಾಗ ಮೂರನೆಯ ಅಂಕಣದಲ್ಲಿ 'ಬೇಗ ಒಣಗುತ್ತದೆ' ಎಂಬ ಮಾತು 23 ಬಾರಿ ಇತ್ತು. ಅವುಗಳಲ್ಲಿ 9 ದಿನಗಳು ಅಕ್ಟೋಬರಿನ ಸುಡುಬಿಸಿಲಿನವು. ಇನ್ನೊಂದು ಸಂಗತಿ ಅದಕ್ಕಿಂತ ಹೆಚ್ಚು ತಟ್ಟಿತು: ಬೂದು ಕುರ್ತಾ ತೊಟ್ಟದ್ದು ಅತಿ ಹೆಚ್ಚು ದುಃಖವಿದ್ದ ದಿನಗಳಲ್ಲಲ್ಲ. ಸಿಬ್ಬಂದಿ ಸಭೆ, ಪೋಷಕರ ಭೇಟಿ, ನೆಂಟರ ಮನೆಯ ಕಾರ್ಯಕ್ರಮ ಇದ್ದ ದಿನಗಳಲ್ಲಿ, ಅಂದರೆ ಯಾರಾದರೂ ನಿಂತು "ಹೇಗಿದ್ದೀರಿ" ಎಂದು ಕೇಳಬಹುದಾದ ದಿನಗಳಲ್ಲಿ, ನನ್ನ ಕೈ ತಾನಾಗಿ ಅದರತ್ತ ಹೋಗಿತ್ತು. ಆ ಬಟ್ಟೆ ನನ್ನ ದುಃಖವನ್ನು ತೋರಿಸುತ್ತಿರಲಿಲ್ಲ. ಆ ದುಃಖದ ಬಗ್ಗೆ ಯಾರೂ ಕೇಳದಂತೆ ಕಾಯುತ್ತಿತ್ತು.

ಇದನ್ನು ತಿಳಿಯುವ ಮೊದಲು ನಾನು ಒಂದು ತಪ್ಪನ್ನು ಮಾಡಿದ್ದೆ. ಹಿಂದೊಮ್ಮೆ, ಮಂಕಾಗಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಗಾಢ ಬಣ್ಣದ ಬಟ್ಟೆ ತೊಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ಹೇಳಿದ್ದೆ. ಮರುವಾರ ಅವಳು ಹಳದಿ ಚೂಡಿದಾರ ತೊಟ್ಟು ಬಂದಳು. ದಿನವಿಡೀ ಸುಳ್ಳು ಹೇಳಿದ ಹಾಗಾಯಿತೆಂದು ಅತ್ತಳು. ಬಣ್ಣಕ್ಕೆ ಎಲ್ಲರಿಗೂ ಒಂದೇ ಬಗೆಯ ಶಕ್ತಿ ಇದೆಯೆಂದು ನಾನು ನಂಬಿದ್ದು ಹೇಗೋ. ನಮ್ಮ ಊರಿನಲ್ಲೇ ಕ್ರೈಸ್ತ ವಧು ಇಗರ್ಜಿಗೆ ಬಿಳಿಯನ್ನುಟ್ಟು ಹೋಗುತ್ತಾಳೆ, 'ಸಾಡೊ' ಎಂಬ ಕೆಂಪು ಸೀರೆಯೂ ಅವಳ ಮದುವೆಯದೇ. ಪಕ್ಕದ ಮನೆಯ ಅಜ್ಜಿಗೆ ಅದೇ ಬಿಳಿ ವೈಧವ್ಯದ ಬಣ್ಣ.

ಬಟ್ಟೆಯ ಅರ್ಥವೇ ಅದರ ಪರಿಣಾಮವನ್ನು ನಿರ್ಧರಿಸುತ್ತದೆ ಎಂಬ ವಾದ ಸಂಶೋಧನೆಯಲ್ಲೂ ಇದೆ. 2012ರಲ್ಲಿ ಹಾಯೋ ಆಡಮ್ ಮತ್ತು ಆಡಮ್ ಗಲಿನ್‌ಸ್ಕಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಬಿಳಿ ಕೋಟನ್ನು ವೈದ್ಯರದ್ದೆಂದು ತಿಳಿದು ತೊಟ್ಟವರು ಏಕಾಗ್ರತೆಯ ಪರೀಕ್ಷೆಯಲ್ಲಿ, ಚಿತ್ರಕಾರರದ್ದೆಂದು ತಿಳಿದು ತೊಟ್ಟವರಿಗಿಂತ ಮುಂದಿದ್ದರು. ಆದರೆ ಆ ಸರಣಿಯ ಮೊದಲ ಪ್ರಯೋಗವನ್ನು ಬೇರೆ ಸಂಶೋಧಕರು ಮತ್ತೆ ಮಾಡಿ 2019ರಲ್ಲಿ ಪ್ರಕಟಿಸಿದಾಗ ಹಿಂದಿನ ಫಲಿತಾಂಶ ಮರುಕಳಿಸಲಿಲ್ಲ. ಆದ್ದರಿಂದ ಬಟ್ಟೆ ಬದಲಿಸಿದರೆ ಮನಸ್ಸು ಬದಲಾಗುತ್ತದೆ ಎಂಬ ಭರವಸೆಯನ್ನು ನಾನು ಈಗ ಯಾರಿಗೂ ಕೊಡುವುದಿಲ್ಲ.

ನನ್ನ ಕಪಾಟಿನಲ್ಲಿ ನಾನು ಮುಟ್ಟದೇ ಬಿಟ್ಟದ್ದು ಒಂದು ಉಡುಪಿ ಸೀರೆ. 2016ರಲ್ಲಿ ಉಡುಪಿ ಸೀರೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ದೊರೆತ ಸುದ್ದಿಯನ್ನು ಓದಿ ಹಿಗ್ಗಿದ ತಂದೆಯವರು, ಆ ಸೀರೆ ನೇಯುವ ಕಿನ್ನಿಗೋಳಿಗೆ ಬಸ್ಸಿನಲ್ಲಿ ಹೋಗಿ ಅದನ್ನು ತಂದಿದ್ದರು. ಎಲೆಹಸಿರು ಮೈ, ಕೆಂಪು ಅಂಚು, ಸಣ್ಣ ಚೌಕುಳಿ. ಭಯವಿರುವ ವಸ್ತುವಿನ ಹತ್ತಿರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕೆಂದು ವಿದ್ಯಾರ್ಥಿಗಳಿಗೆ ಹೇಳುವ ಕ್ರಮವನ್ನೇ ನನ್ನ ಮೇಲೂ ಪ್ರಯೋಗಿಸಿದೆ. ಮೊದಲ ವಾರ ಅದನ್ನು ಕೆಳಗಿನ ಅರೆಯಿಂದ ಕಣ್ಣೆದುರಿನ ಅರೆಗೆ ತಂದಿಟ್ಟೆ, ಅಷ್ಟೆ. ಎರಡನೆಯ ವಾರ ಬಿಚ್ಚಿದೆ. ನುಸಿಗುಳಿಗೆಯ ವಾಸನೆ ಬಡಿಯಿತು. ವರ್ಷಗಳಿಂದ ಒಂದೇ ಮಡಿಕೆಯಲ್ಲಿದ್ದುದರಿಂದ ಸೆರಗಿನ ನಡುವೆ ತೆಳ್ಳನೆಯ ಬಿಳಿ ಗೆರೆ ಮೂಡಿತ್ತು. ಇಸ್ತ್ರಿಪೆಟ್ಟಿಗೆಯನ್ನು ಎಷ್ಟು ಒತ್ತಿದರೂ ಹೋಗದ ಆ ಗೆರೆಯ ಮೇಲೆ ಕಣ್ಣೀರು ಬಿದ್ದು, ಬಿಸಿಗೆ ಚುರ್ರೆಂದು ಆರಿಹೋದದ್ದು ಈಗಲೂ ನೆನಪಿದೆ. ಮೂರನೆಯ ವಾರ ಮನೆಯೊಳಗೆ ಉಟ್ಟೆ. ಅಮ್ಮ ನೆರಿಗೆ ಸರಿಪಡಿಸಿದರು, ಇಬ್ಬರೂ ಏನನ್ನೂ ಆಡಲಿಲ್ಲ.

ನಾಲ್ಕನೆಯ ವಾರ ಕಾಲೇಜಿಗೆ ಉಟ್ಟು ಹೋಗುವ ಬೆಳಿಗ್ಗೆ ನೋಟ್‌ಪುಸ್ತಕದಲ್ಲಿ ಒಂದು ಅಂದಾಜನ್ನು ಬರೆದೆ: 'ಕನಿಷ್ಠ ಹತ್ತು ಮಂದಿ ಕೇಳುತ್ತಾರೆ, ನಾನು ಅಳುತ್ತೇನೆ.' ಕೇಳಿದವರು ಇಬ್ಬರು. ಒಬ್ಬರು ಬೆಲೆ ವಿಚಾರಿಸಿದರು. ಇನ್ನೊಬ್ಬರು ಎಲ್ಲಿ ಕೊಂಡದ್ದು ಎಂದು ಕೇಳಿದಾಗ, "ಅಪ್ಪ ತಂದದ್ದು" ಎಂದು ಧ್ವನಿ ನಡುಗದೆ ಹೇಳಲು ಸಾಧ್ಯವಾಗಲಿಲ್ಲ. ಆದರೆ ಹೇಳಿದೆ, ಅವರು ನನ್ನ ಕೈ ಹಿಡಿದುಕೊಂಡರು. 2000ದಲ್ಲಿ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಮುಜುಗರ ತರುವ ಚಿತ್ರವಿದ್ದ ಟೀಶರ್ಟ್ ತೊಟ್ಟು ಕೋಣೆಯೊಳಗೆ ಹೋದ ವಿದ್ಯಾರ್ಥಿಗಳು ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಗಮನಿಸಿರುತ್ತಾರೆಂದು ಊಹಿಸಿದ್ದರು. ನಿಜಕ್ಕೂ ಗಮನಿಸಿದವರು ಕಾಲುಭಾಗದ ಆಸುಪಾಸು. ಈ ಅಧ್ಯಯನವನ್ನು ಎಷ್ಟೋ ತರಗತಿಗಳಲ್ಲಿ ವಿವರಿಸಿದ್ದೆ, ಆದರೆ ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ಆ ಸೀರೆಯುಟ್ಟು ನಿಂತ ದಿನವೇ ಅದು ನನಗೆ ಅರ್ಥವಾದದ್ದು.

ಆಮೇಲೆ ಈ ನೋಟ್‌ಪುಸ್ತಕದ ಕ್ರಮವನ್ನು ವಿದ್ಯಾರ್ಥಿಗಳೊಂದಿಗೂ ಬಳಸತೊಡಗಿದೆ. ಇಲ್ಲಿ ಹೇಳುವ ಹುಡುಗ ಒಬ್ಬನಲ್ಲ, ಗುರುತು ಸಿಗದಂತೆ ಹಲವರ ಅನುಭವವನ್ನು ಒಂದುಗೂಡಿಸಿದ್ದೇನೆ. ಬೆವರಿನ ಕಲೆ ಕಾಣಬಾರದೆಂದು ಕಪ್ಪು ಅಂಗಿ, ಅದರ ಮೇಲೆ ಜಾಕೆಟ್. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಜಾಕೆಟ್ ತೊಟ್ಟರೆ ಬೆವರು ಇಮ್ಮಡಿ. ಬೆವರು ಹೆಚ್ಚಿದಂತೆ ಜಾಕೆಟ್ ತೆಗೆಯುವ ಭಯವೂ ಇಮ್ಮಡಿ. ಮನೋವಿಜ್ಞಾನದಲ್ಲಿ ಇದನ್ನು ಸುರಕ್ಷಾ ವರ್ತನೆ ಎನ್ನುತ್ತಾರೆ. ರಕ್ಷಣೆಗೆಂದು ಮಾಡಿದ ಕೆಲಸವೇ ಭಯವನ್ನು ಸಾಕುತ್ತದೆ, ಏಕೆಂದರೆ ಏನೂ ಆಗದೇ ಉಳಿದಾಗ ಅದರ ಶ್ರೇಯಸ್ಸು ಜಾಕೆಟಿಗೆ ಹೋಗುತ್ತದೆ. ಜಾಕೆಟ್ ತೆಗೆ ಎಂದು ನಾನು ಹೇಳಲಿಲ್ಲ. ಎಷ್ಟು ಮಂದಿ ನೋಡಬಹುದೆಂದು ಮೊದಲು ಬರೆದಿಟ್ಟು, ತಿಳಿನೀಲಿ ಅಂಗಿಯಲ್ಲಿ ಒಂದು ತಾಸು ಗ್ರಂಥಾಲಯದಲ್ಲಿ ಕುಳಿತು ಎಣಿಸಿ ಬರಲು ಒಪ್ಪುತ್ತೀಯಾ ಎಂದು ಕೇಳಿದೆ. ಒಪ್ಪಲು ಮೂರು ವಾರ ಬೇಕಾಯಿತು. ಚೀಟಿಯಲ್ಲಿ ಅಂದಾಜು 15 ಎಂದಿತ್ತು, ಎಣಿಕೆ 1 ಎಂದಿತ್ತು. ಆ ಒಬ್ಬರೂ ಫ್ಯಾನಿನ ಸ್ವಿಚ್ ಎಲ್ಲಿದೆ ಎಂದು ಕೇಳಿದವರು.

ಬೂದು ಕುರ್ತಾಗಳನ್ನು ನಾನು ಯಾರಿಗೂ ಕೊಟ್ಟಿಲ್ಲ. ಕಳೆದ ಜುಲೈಯ ಒಂದು ಬೆಳಿಗ್ಗೆ ಮೊದಲ ಅಂಕಣದಲ್ಲಿ 'ಸಮಾಧಾನ, 7' ಎಂದು ಬರೆದು, ಅವುಗಳಲ್ಲೊಂದನ್ನು ತೊಟ್ಟು, ಮೂರನೆಯ ಅಂಕಣದಲ್ಲಿ 'ಬೇಗ ಒಣಗುತ್ತದೆ' ಎಂದು ಬರೆದೆ. ಹೊರಗೆ ನಾಲ್ಕು ದಿನಗಳಿಂದ ಬಿಡದೆ ಮಳೆ ಸುರಿಯುತ್ತಿತ್ತು.