ನಾಳೆ ಬೆಳಗ್ಗೆ ಮತ್ತೆ ಅದೇ ಬಾಗಿಲು

2020ರ ಮಾರ್ಚ್ 11, ಬುಧವಾರ. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಥಂಡರ್ ಮತ್ತು ಯೂಟಾ ಜಾಝ್ ತಂಡಗಳ ಬಾಸ್ಕೆಟ್‌ಬಾಲ್ ಆಟ. ಆಟಗಾರರೆಲ್ಲ ಕೋರ್ಟಿನ ನಡುವೆ ಬಂದು ನಿಂತಿದ್ದರು. ರೆಫರಿ ಚೆಂಡು ಎಸೆಯುವುದೊಂದೇ ಬಾಕಿ. ಅಷ್ಟರಲ್ಲಿ ಥಂಡರ್ ತಂಡದ ವೈದ್ಯಕೀಯ ಸಿಬ್ಬಂದಿಯೊಬ್ಬರು ಓಡೋಡಿ ಬಂದು ರೆಫರಿಗಳ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ಕೋಚ್‌ಗಳನ್ನು ಕರೆದರು. ಆಟಗಾರರು ಒಳಗೆ ಹೋದರು.

ನಾನು ಪತ್ರಕರ್ತರ ಸಾಲಿನಲ್ಲಿ ಕೂತಿದ್ದೆ. ಎದುರಿಗೆ ಲ್ಯಾಪ್‌ಟಾಪ್, ಅದರಲ್ಲಿ ಅರ್ಧ ಬರೆದ ಕಾಪಿ, ಅಂದರೆ ವರದಿ. ಎರಡು ತಂಡಗಳೂ ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದವು. ಜಾಝ್ 41 ಗೆಲುವು, ಥಂಡರ್ 40. ಸೀಸನ್ ಕೊನೆಯ ಪ್ಲೇ-ಆಫ್ ಸುತ್ತಿನ ಲೆಕ್ಕಾಚಾರವನ್ನೇ ಲೀಡ್ (ಸುದ್ದಿಯ ಮೊದಲ ಸಾಲು) ಮಾಡಿ ಇಟ್ಟಿದ್ದೆ. ಪತ್ರಿಕೆಯ ಡೆಸ್ಕ್‌ನಿಂದ ಫೋನ್ ಬಂತು. 'ಏನಾಯ್ತು ಅಲ್ಲಿ?' ಕಣ್ಣೆದುರಿಗೇ ಎಲ್ಲ ನಡೀತಾ ಇದೆ, ಆದರೆ ಏನು ನಡೀತಿದೆ ಅಂತ ನನಗೆ ಗೊತ್ತಿಲ್ಲ. ಜನ ಬೇಜಾರಾಗದಿರಲಿ ಅಂತ ಮಧ್ಯಂತರಕ್ಕೆ ಕರೆಸಿದ್ದ ಹಾಡುಗಾರನನ್ನು ಆಗಲೇ ಹಾಡಲು ಬಿಟ್ಟರು. ಅರ್ಧ ಗಂಟೆ ಕಳೆದ ಮೇಲೆ ಮೈಕಿನಲ್ಲಿ ಆಟ ಮುಂದೂಡಿದೆ, ನೀವೆಲ್ಲ ಸುರಕ್ಷಿತವಾಗಿದ್ದೀರಿ, ನಿಧಾನಕ್ಕೆ ಮನೆಗೆ ಹೋಗಿ ಅಂದರು.

ಕಾರಣ ಗೊತ್ತಾಗಿದ್ದು ಫೋನಿನಿಂದ. ಜಾಝ್ ತಂಡದ ರೂಡಿ ಗೊಬೇರ್‌ಗೆ ಕೊರೊನಾ ಅಂತ, ಆ ಕಟ್ಟಡದಲ್ಲೇ ಇಲ್ಲದ ರಾಷ್ಟ್ರೀಯ ವರದಿಗಾರರು ಟ್ವೀಟ್ ಮಾಡಿದ್ದರು. ಅವತ್ತು ರಾತ್ರಿಯೇ ಎನ್‌ಬಿಎ, ಅಂದರೆ ಈ ತಂಡಗಳೆಲ್ಲ ಆಡುವ ಬಾಸ್ಕೆಟ್‌ಬಾಲ್ ಲೀಗು, ಇಡೀ ಸೀಸನ್ ನಿಲ್ಲಿಸಿತು. ಎರಡು ದಿನ ಮುಂಚೆ ಇದೇ ಗೊಬೇರ್ ಸಾಲ್ಟ್ ಲೇಕ್ ಸಿಟಿಯಲ್ಲಿ ತಮಾಷೆಗೆ ಅಂತ ಮೇಜಿನ ಮೇಲಿದ್ದ ಪತ್ರಕರ್ತರ ಮೈಕು, ರೆಕಾರ್ಡರ್‌ಗಳನ್ನೆಲ್ಲ ಕೈಯಿಂದ ಮುಟ್ಟಿ ಎದ್ದು ಹೋಗಿದ್ದರು. ಆ ವಿಡಿಯೋ ನೋಡಿ ನಾನು ನನ್ನ ರೆಕಾರ್ಡರನ್ನು ಸೋಪು ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿದೆ. ಅದು ಅವತ್ತೇ ಕೆಟ್ಟುಹೋಯಿತು.

ಸಣ್ಣ ಊರಿನ ತಂಡವನ್ನು ಸ್ಥಳೀಯರು ಹೇಗೆ ಬರೀತಾರೆ, ಹೊರಗಿನವರು ಹೇಗೆ ಬರೀತಾರೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ರಾತ್ರಿ. ವೈದ್ಯಕೀಯ ಸಿಬ್ಬಂದಿ ಓಡಿದ್ದನ್ನು ನಾವು ನೋಡಿದೆವು. ಯಾಕೆ ಓಡಿದರು ಅಂತ ಹೊರಗಿನವರು ಹೇಳಿದರು. ನಾನು ಎರಡೂ ಕಡೆ ಕೆಲಸ ಮಾಡಿದವನು. ಮೊದಲು ಏಳೆಂಟು ವರ್ಷ ಒಕ್ಲಹೋಮದ ಒಂದು ಸಣ್ಣ ಪತ್ರಿಕೆಗೆ, ಆಮೇಲೆ ಡಲ್ಲಾಸ್‌ನಲ್ಲಿ ಕೂತು ಒಂದು ರಾಷ್ಟ್ರೀಯ ಸ್ಪೋರ್ಟ್ಸ್ ವೆಬ್‌ಸೈಟಿಗೆ.

ಅದಕ್ಕೂ ಮೊದಲು ಹಾಸನದಲ್ಲಿ ಬಿಡಿ ಸುದ್ದಿಗಾರ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು. ತಾಲ್ಲೂಕು ಕಬಡ್ಡಿ, ಕಾಲೇಜು ವಾಲಿಬಾಲ್ ಬರೀತಿದ್ದೆ. ಅಲ್ಲಿನ ಉಪಸಂಪಾದಕರು ಒಮ್ಮೆ ಬೈದಿದ್ದರು: 'ಗೆದ್ದವರ ಹೆಸರು ತಪ್ಪು ಬರೆದ್ರೆ ಬೆಂಗಳೂರಿನವರಿಗೆ ಏನೂ ಆಗಲ್ಲ ಕಣಯ್ಯ. ನಾಳೆ ಬಸ್‌ಸ್ಟ್ಯಾಂಡಲ್ಲಿ ಅವರ ಅಪ್ಪನ ಕೈಗೆ ಸಿಗೋನು ನೀನು.' ಒಕ್ಲಹೋಮಕ್ಕೆ ಜರ್ನಲಿಸಂ ಓದಲು ಬಂದು, ನಂತರ ಥಂಡರ್ ಬರೆಯಲು ಶುರು ಮಾಡಿದಾಗ ಗೊತ್ತಾಯಿತು, ಅಲ್ಲೂ ಅದೇ ಬಸ್‌ಸ್ಟ್ಯಾಂಡು.

ಇಂಥ ಊರನ್ನು ಸಣ್ಣ ಮಾರ್ಕೆಟ್ ಅನ್ನುತ್ತಾರೆ. ಜನ ಆಟ ನೋಡಲು ಬರಲ್ಲ ಅಂತಲ್ಲ, ಟಿವಿ ನೋಡುವ ಮನೆಗಳು ಕಡಿಮೆ ಅಂತ. ಅಮೆರಿಕವನ್ನು 210 ಟಿವಿ ಮಾರುಕಟ್ಟೆಗಳಾಗಿ ಹಂಚಿದ್ದಾರೆ. ನ್ಯೂಯಾರ್ಕ್, ಲಾಸ್ ಏಂಜಲೀಸ್ ಮೇಲಿನ ಎರಡು. ಒಕ್ಲಹೋಮ ಸಿಟಿ ನಲವತ್ತರ ಆಚೆ ಎಲ್ಲೋ. ಈ ತಂಡ 2008ರಲ್ಲಿ ಸಿಯಾಟಲ್‌ನಿಂದ ಎದ್ದು ಬಂದಿದ್ದು. ಬಂದ ಹೊಸದರಲ್ಲಿ ಅಭ್ಯಾಸಕ್ಕೆ ಸರಿಯಾದ ಜಾಗವೂ ಇರಲಿಲ್ಲ, ಹಳೇ ಸ್ಕೇಟಿಂಗ್ ರಿಂಕ್ ಒಂದನ್ನು ಕೋರ್ಟ್ ಮಾಡಿಕೊಂಡಿದ್ದರು. ಊರಿಗೆ ದೊಡ್ಡ ಲೀಗಿನ ತಂಡ ಅಂತ ಇರುವುದು ಇದೊಂದೇ. ಹಾಗಾಗಿ ಹನ್ನೆರಡನೇ ಆಟಗಾರನ ಮೊಣಕಾಲು ನೋವೂ ಅಲ್ಲಿ ಸುದ್ದಿ.

ನನ್ನ ದಿನ ಹೀಗಿರುತ್ತಿತ್ತು. ಏಳು ಗಂಟೆಯ ಆಟಕ್ಕೆ ನಾಲ್ಕೂವರೆಗೆ ಹಾಜರು. ಆಟಕ್ಕೆ ಮುಂಚೆ ಕೋಚ್ ಐದಾರು ನಿಮಿಷ ಮಾತಾಡುತ್ತಾರೆ. ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಕಾಪಿಯ ಮುಕ್ಕಾಲು ಪಾಲು ತಯಾರಿರಬೇಕು. ಮೇಲೆ ಎರಡು ಲೀಡ್, ಗೆದ್ದರೆ ಇದು, ಸೋತರೆ ಅದು. ಕೊನೆಯ ಬಜರ್ ಹೊಡೆದ ಕೂಡಲೇ ಒಂದನ್ನು ಅಳಿಸಿ ಕಳಿಸಬೇಕು. ಒಮ್ಮೆ ಅವಸರದಲ್ಲಿ ಗೆದ್ದ ಲೀಡ್ ಅಳಿಸಿ ಸೋತ ಲೀಡ್ ಕಳಿಸಿದ್ದೆ. ಡೆಸ್ಕ್‌ನ ಹುಡುಗಿ ಟಿವಿ ನೋಡ್ತಾ ಇದ್ದಳು, ಬಚಾವಾದೆ. ಕಾಪಿ ಕಳಿಸಿ ಲಾಕರ್ ರೂಮಿಗೆ ಓಟ, ಅಲ್ಲಿಂದ ಎರಡು ಮಾತು ಹಿಡಿದು ತಂದು ಗಂಟೆಯೊಳಗೆ ಪೂರ್ತಿ ಹೊಸದಾಗಿ ಬರೆಯುವುದು. ಸೀಸನ್ನಿಗೆ 82 ಆಟ. ಅರ್ಧ ಊರಲ್ಲೇ. ಹೊರಗಿನ ಆಟಗಳಿಗೆ ನಮ್ಮ ಪತ್ರಿಕೆ ಕಳಿಸುತ್ತಿರಲಿಲ್ಲ. ವಿಮಾನದ ಟಿಕೆಟ್ ಯಾರು ಕೊಡ್ತಾರೆ? ಮನೆಯಲ್ಲಿ ಟಿವಿ ಮುಂದೆ ಕೂತು ಬರೀತಿದ್ದೆ.

ಲಾಕರ್ ರೂಮಿನಲ್ಲಿ ಕಲಿತದ್ದು ಜಾಸ್ತಿ. ಸೋತ ರಾತ್ರಿ 'ಎಲ್ಲಿ ತಪ್ಪಾಯಿತು?' ಅಂತ ಕೇಳಿದರೆ ಸಿಗುವುದು ಹಳಸಿದ ಉತ್ತರ. 'ಮೂರನೇ ಕ್ವಾರ್ಟರಿನಲ್ಲಿ ನೀವು ಎಡಗಡೆ ಹೋಗುವ ಬದಲು ನಿಂತುಬಿಟ್ಟಿರಲ್ಲ, ಅಲ್ಲಿ ಏನು ಕಂಡಿತು?' ಅಂತ ಕೇಳಿದರೆ ಮುಖ ಎತ್ತಿ ನೋಡುತ್ತಾರೆ. ಆಮೇಲೆ ಮಾತಾಡುತ್ತಾರೆ. ಟಿವಿಯವರು ಸ್ಟಾರ್ ಸುತ್ತ ಮುತ್ತಿಕೊಂಡಾಗ ನಾನು ಮೂಲೆಯಲ್ಲಿ ಕಾಲಿಗೆ ಐಸ್ ಕಟ್ಟಿಕೊಂಡು ಕೂತವನ ಹತ್ತಿರ ಹೋಗುತ್ತಿದ್ದೆ. ಒಂದು ನಿಮಿಷವೂ ಆಡದವನು ಇಡೀ ಆಟ ನೋಡಿರುತ್ತಾನೆ, ಅಲ್ವಾ?

ಇನ್ನೊಂದು ನಿಯಮ ಹಿರಿಯನೊಬ್ಬ ಹೇಳಿಕೊಟ್ಟದ್ದು. ಆಗ ಅವನಿಗೆ ಐವತ್ತು ದಾಟಿತ್ತು, ಪಕ್ಕದ ಊರಿನ ಪತ್ರಿಕೆಯವನು, ನನ್ನ ಪಕ್ಕದ ಕುರ್ಚಿ. ಯಾರನ್ನಾದರೂ ಕಟುವಾಗಿ ಬರೆದರೆ ಮಾರನೇ ದಿನ ಅಭ್ಯಾಸಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ನಿಲ್ಲು ಅಂತ. ಬೈಯಬೇಕಿದ್ದರೆ ಬೈಯಲಿ. ತಪ್ಪಿಸಿಕೊಂಡರೆ ಆ ಬಾಗಿಲು ಮುಚ್ಚಿದ ಹಾಗೆ.

2014ರ ಮೇ 1ರಂದು ಊರಿನ ದೊಡ್ಡ ಪತ್ರಿಕೆ 'ದಿ ಒಕ್ಲಹೋಮನ್' ಥಂಡರ್ ತಂಡದ ಸ್ಟಾರ್ ಕೆವಿನ್ ಡ್ಯುರಾಂಟ್ ಫೋಟೋ ಮೇಲೆ 'ನಂಬಲಾಗದ ಮನುಷ್ಯ' ಅನ್ನುವ ಅರ್ಥದ ತಲೆಬರಹ ಹಾಕಿತ್ತು. ಮೆಂಫಿಸ್ ಎದುರಿನ ಪ್ಲೇ-ಆಫ್ ಸರಣಿಯಲ್ಲಿ ಥಂಡರ್ 3–2 ಹಿಂದಿತ್ತು. ದೇಶದ ಪತ್ರಕರ್ತರೆಲ್ಲ ಆ ಪುಟ ಹಿಡಿದು ನಕ್ಕರು, ಬೈದರು. ಅವತ್ತು ರಾತ್ರಿ ಡ್ಯುರಾಂಟ್ 36 ಅಂಕ ಹೊಡೆದರು, ಥಂಡರ್ ಗೆದ್ದಿತು. ಪತ್ರಿಕೆಯ ಕ್ರೀಡಾ ಸಂಪಾದಕರು ಕ್ಷಮೆ ಕೇಳಿದರು. ಮುಂದಿನ ವಾರ ಡ್ಯುರಾಂಟ್‌ಗೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ. ತಲೆಬರಹ ಕೊಡುವುದು ಡೆಸ್ಕ್, ವರದಿಗಾರ ಅಲ್ಲ. ಪತ್ರಕರ್ತರಾದ ನಮಗೆ ಇದು ಗೊತ್ತು. ಆಟಗಾರರಿಗೆ ಇದೆಲ್ಲ ಯಾಕೆ ಬೇಕು? ಬೇರೆ ಪತ್ರಿಕೆಯವನಾದ ನಾನೂ ಕೆಲವು ದಿನ ತಲೆ ತಗ್ಗಿಸಿಕೊಂಡೇ ಒಳಗೆ ಹೋದೆ.

ಹಾಗಂತ ಊರಿನವರೆಲ್ಲ ಸರಿ, ಹೊರಗಿನವರು ತಪ್ಪು ಅಂತ ಹೇಳಲಾರೆ. ಸ್ಥಳೀಯರಿಗೆ ತಂಡದ ಮೇಲೆ ಮಮತೆ ಬೆಳೆದುಬಿಡುತ್ತದೆ. ಬರೆಯಬೇಕಾದ್ದನ್ನು ನಾಳೆ ಬರೆದರಾಯಿತು ಅಂತ ಮುಂದೆ ಹಾಕುತ್ತೇವೆ. ಜೊತೆಗೆ ಥಂಡರ್ ಆಡಳಿತ ಬಾಯಿ ಬಿಗಿ ಹಿಡಿಯುವುದಕ್ಕೆ ಹೆಸರುವಾಸಿ. ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಸುದ್ದಿಗೋಷ್ಠಿಗೆ ಕೂತರೆ ಎರಡು ಗಂಟೆ ಮಾತಾಡುತ್ತಾರೆ, ಎದ್ದಾಗ ನೋಟ್‌ಬುಕ್ಕಿನಲ್ಲಿ ಸುದ್ದಿ ಅಂತ ಒಂದು ಸಾಲು ಇರಲ್ಲ. ದೊಡ್ಡ ಸುದ್ದಿ ಹೊರಗೆ ಬರುವುದು ಏಜೆಂಟರ ಫೋನಿನಿಂದ, ಅದು ಹೋಗುವುದು ರಾಷ್ಟ್ರೀಯ ವರದಿಗಾರರಿಗೆ. 2016ರ ಜುಲೈ 4ಕ್ಕೆ ಡ್ಯುರಾಂಟ್ ತಂಡ ಬಿಟ್ಟದ್ದು ನಮಗೆ ಗೊತ್ತಾಗಿದ್ದು ಅವರೇ ಒಂದು ಜಾಲತಾಣದಲ್ಲಿ ಬರೆದುಕೊಂಡಾಗ. ಪ್ರಪಂಚಕ್ಕೆ ಗೊತ್ತಾದ ಅದೇ ನಿಮಿಷ.

2019ರ ಜುಲೈ ಇನ್ನೂ ಚುರುಕ್ ಅನ್ನುತ್ತದೆ. ನಡುರಾತ್ರಿ ದಾಟಿದ ಮೇಲೆ ಫೋನು ಗುಂಯ್ ಅಂತು. ತಂಡದ ಸ್ಟಾರ್ ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಕೊಟ್ಟಿದ್ದರು. ಬದಲಿಗೆ ಬಂದದ್ದು ಮೊದಲ ಸುತ್ತಿನ ಐದು ಡ್ರಾಫ್ಟ್ ಪಿಕ್ (ಮುಂದಿನ ವರ್ಷಗಳಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಹಕ್ಕು), ಅನುಭವಿ ಆಟಗಾರ ಡನಿಲೊ ಗಲ್ಲಿನಾರಿ, ಮತ್ತು ಲೀಗಿನಲ್ಲಿ ಒಂದೇ ವರ್ಷ ಆಡಿದ್ದ ಒಬ್ಬ ಹುಡುಗ. ರಾಷ್ಟ್ರೀಯ ವರದಿಗಳಲ್ಲೆಲ್ಲ ಕ್ಲಿಪ್ಪರ್ಸ್ ಗುಣಗಾನ, ಒಕ್ಲಹೋಮದ ಕಥೆ ಮುಗಿಯಿತು ಅಂತ ಕೊನೆಯಲ್ಲೊಂದು ಪ್ಯಾರಾ. ನಾನು ಮೂರು ಗಂಟೆಗೆ ಎದ್ದು ಕೂತು ಸಾವಿರ ಪದ ಬರೆದೆ. ಎಲ್ಲ ಪಿಕ್‌ಗಳ ಲೆಕ್ಕ, ಯಾವ ವರ್ಷ ಎಷ್ಟು, ಅದಲು ಬದಲು ಹೇಗೆ. ಆ ಹುಡುಗನ ಬಗ್ಗೆ ಒಂದೂವರೆ ವಾಕ್ಯ. ಶೇಯ್ ಗಿಲ್ಜಸ್-ಅಲೆಕ್ಸಾಂಡರ್ ಅಂತ ಹೆಸರು. ಹೆಸರು ಉದ್ದ ಅಂತ ಎರಡನೇ ಸಲ 'ಆತ' ಅಂದಿದ್ದೆ. 2025ರಲ್ಲಿ ಆತನೇ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ. ಆ ಕಾಪಿ ಈಗಲೂ ಹುಡುಕಿದರೆ ಸಿಗುತ್ತದೆ, ಯಾರೂ ಹುಡುಕದಿರಲಿ.

ಆಮೇಲಿನ ಎರಡು ಮೂರು ವರ್ಷ ಹೊರಗಿನವರು ಈ ಕಡೆ ತಲೆ ಹಾಕಲಿಲ್ಲ. 2021ರ ಮೇ 1ರಂದು ಇಂಡಿಯಾನಾ ಎದುರು 152–95 ಸೋಲು, ಊರಿನ ಅಂಗಳದಲ್ಲೇ. ಆ ಸೀಸನ್ ಪೂರ್ತಿ ಒಕ್ಲಹೋಮದಲ್ಲಿ ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ. ಹದಿನೆಂಟು ಸಾವಿರ ಖಾಲಿ ಕುರ್ಚಿ. ಬೂಟಿನ ಕಿರ್ ಕಿರ್ ಸದ್ದು, ಬೆಂಚಿನಲ್ಲಿ ಯಾರೋ ಕೆಮ್ಮಿದ್ದು, ಎಲ್ಲ ಮೇಲಿನ ತನಕ ಕೇಳುತ್ತಿತ್ತು. ಅಂತರ ಐವತ್ತು ದಾಟಿದಾಗ ಪಕ್ಕದ ಕುರ್ಚಿಯವನು ನಿಧಾನಕ್ಕೆ ಸ್ಯಾಂಡ್‌ವಿಚ್ ಬಿಚ್ಚಿದ. ಆ ಕಾಗದದ ಸದ್ದಿಗೆ ಕೆಳಗಿದ್ದ ಒಬ್ಬ ಸಿಬ್ಬಂದಿ ತಲೆ ಎತ್ತಿ ನೋಡಿದರು. ಡಿಸೆಂಬರಿನಲ್ಲಿ ಮೆಂಫಿಸ್‌ನಲ್ಲಿ 73 ಅಂಕಗಳ ಸೋಲು, ಎನ್‌ಬಿಎ ಚರಿತ್ರೆಯಲ್ಲೇ ದೊಡ್ಡದು. ಅವತ್ತು ಮಾತ್ರ ದೇಶವೆಲ್ಲ ನೆನಪು ಮಾಡಿಕೊಂಡಿತು.

ಆದರೆ ನೋಡುವವರಿಗೆ ಆಗ ಬೇಕಾದಷ್ಟು ಇತ್ತು. ಕೋಚ್ ಮಾರ್ಕ್ ಡೇಗ್ನಾಲ್ಟ್ ಅದಕ್ಕೂ ಮೊದಲು ಐದು ವರ್ಷ ಎನ್‌ಬಿಎಗಿಂತ ಕೆಳಗಿನ ಹಂತದ ಲೀಗಿನ ಒಕ್ಲಹೋಮ ಸಿಟಿ ಬ್ಲೂ ತಂಡ ನಡೆಸಿದ್ದರು. ಆ ಆಟಗಳಿಗೆ ಬರುತ್ತಿದ್ದ ಪತ್ರಕರ್ತರನ್ನು ಒಂದು ಕೈಯಲ್ಲಿ ಎಣಿಸಬಹುದಿತ್ತು. ಮುಗಿದ ಮೇಲೆ ನಿಂತು ಸಾವಕಾಶವಾಗಿ ಮಾತಾಡುತ್ತಿದ್ದರು. 2024ರಲ್ಲಿ ವರ್ಷದ ಕೋಚ್ ಪ್ರಶಸ್ತಿ ಬಂದಾಗ ಹೊರಗಿನವರು 'ಯಾರು ಈ ಡೇಗ್ನಾಲ್ಟ್?' ಅಂತ ಲೇಖನ ಬರೆದರು. ಅಂಥ ಒಂದು ಲೇಖನ ಬರೆದವನು ನಾನೇ. ಅಷ್ಟರಲ್ಲಿ ಡಲ್ಲಾಸ್ ಸೇರಿ ಎರಡು ವರ್ಷ ಆಗಿತ್ತು. ನನಗೆ ಗೊತ್ತಿರುವ ಮನುಷ್ಯನನ್ನು ಗೊತ್ತಿಲ್ಲದವನ ಹಾಗೆ ಬರೆದೆ, ಯಾಕೆಂದರೆ ಓದುವವರಿಗೆ ಗೊತ್ತಿಲ್ಲ.

ರಾಷ್ಟ್ರೀಯ ಕೆಲಸದ ಕಷ್ಟ ಅದೇ. ಬೆಳಗ್ಗೆ ಊರಿಗೆ ಬರ್ತೀಯ, ರಾತ್ರಿ ಬರೆದು ಹೋಗ್ತೀಯ. ಮೂವತ್ತು ತಂಡ ನಿನ್ನ ತಲೆ ಮೇಲೆ. ಸಂಪಾದಕರಿಗೆ ಬೇಕಾದ್ದು ಬಾಸ್ಟನ್ನಿನವನೂ ಓದುವ ಕಥೆ. ಒಕ್ಲಹೋಮದ ಹಳಬರು ಒಂದು ತಮಾಷೆ ಮಾಡುತ್ತಾರೆ. ಹೊರಗಿನವನ ಲೇಖನ ಗಾಳಿಯಿಂದ ಶುರುವಾಗುತ್ತೆ, ಇಲ್ಲವೇ ಎಣ್ಣೆ ಬಾವಿಯಿಂದ, ಇಲ್ಲವೇ 1995ರಲ್ಲಿ ಈ ಊರಿನಲ್ಲಾದ ಬಾಂಬ್ ಸ್ಫೋಟದಿಂದ. ಸ್ಥಳೀಯರಾಗಿದ್ದಾಗ ನಾವು ಪಂದ್ಯ ಕಟ್ಟುತ್ತಿದ್ದೆವು, ಇವತ್ತು ಬಂದವನು ಯಾವುದು ಬರೀತಾನೆ ಅಂತ. ಸೋತವನು ಕಾಫಿ ಕೊಡಿಸಬೇಕು.

2025ರ ಜೂನ್. ಫೈನಲ್ಸ್‌ನಲ್ಲಿ ಒಕ್ಲಹೋಮ ಸಿಟಿ ಮತ್ತು ಇಂಡಿಯಾನಾ. ಎರಡೂ ಸಣ್ಣ ಮಾರ್ಕೆಟ್. ಸೀಸನ್ನಿನಲ್ಲಿ 68 ಆಟ ಗೆದ್ದ ತಂಡ, ಆದರೂ ಮೊದಲ ವಾರದ ಚರ್ಚೆ ಎಲ್ಲ ಟಿವಿ ನೋಡುವವರು ಎಷ್ಟು ಕಡಿಮೆ ಅನ್ನುವುದು. ನನ್ನ ಸಂಪಾದಕರೂ ಅದನ್ನೇ ಕೇಳಿದರು: 'ಯಾಕೆ ಯಾರೂ ನೋಡ್ತಿಲ್ಲ?' ನಾನು ಬರೆದೆ. ಎರಡನೇ ಪ್ಯಾರಾದಲ್ಲಿ ರಾಜ್ಯ ವಿಧಾನಸೌಧದ ಆವರಣದಲ್ಲಿರುವ ಎಣ್ಣೆ ಬಾವಿ. ನಿಜಕ್ಕೂ ಅಲ್ಲಿದೆ, ಸುಳ್ಳೇನಲ್ಲ. ಮಾರನೇ ದಿನ ಪ್ರೆಸ್ ರೂಮಿನಲ್ಲಿ ಹಳೇ ಪಕ್ಕದ ಕುರ್ಚಿಯವನು ಸಿಕ್ಕಿದ. ಏನೂ ಬೈಯಲಿಲ್ಲ. 'ಎಣ್ಣೆ ಬಾವಿ,' ಅಂದ. ಕೈ ಚಾಚಿದ. ನಾನು ಕಾಫಿ ತಂದುಕೊಟ್ಟೆ.

ಸರಣಿ ಏಳನೇ ಆಟಕ್ಕೆ ಹೋಯಿತು. ಜೂನ್ 22, ಭಾನುವಾರ. ನೋಡಿದವರು ಒಂದೂವರೆ ಕೋಟಿಗೂ ಜಾಸ್ತಿ ಅಂತ ಆಮೇಲೆ ಲೆಕ್ಕ ಬಂತು. ಮೊದಲ ಕ್ವಾರ್ಟರಿನಲ್ಲೇ ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು ಬಿದ್ದರು. ಹಳೇ ಪಕ್ಕದ ಕುರ್ಚಿಯವನು ಬರೆದಿಟ್ಟುಕೊಂಡಿದ್ದ ಎರಡೂ ಲೀಡ್ ಅಳಿಸುವುದು ಕಾಣುತ್ತಿತ್ತು. ನಾನೂ ಅಳಿಸಿದೆ. 103–91, ಥಂಡರ್ ಚಾಂಪಿಯನ್. ಕಾಗದದ ಚೂರು ಕೀಬೋರ್ಡಿನ ಮೇಲೆಲ್ಲ ಬೀಳುತ್ತಿತ್ತು, ಒಂದು ಕೈಯಲ್ಲಿ ತಳ್ಳುತ್ತಾ ಇನ್ನೊಂದು ಕೈಯಲ್ಲಿ ಬರೆದೆವು.

ನನ್ನ ನೋಟ್‌ಬುಕ್ಕಿನ ಆ ದಿನದ ಪುಟದಲ್ಲಿ 'ಸ್ಕೇಟಿಂಗ್ ರಿಂಕ್' ಅಂತ ಬರೆದು ಗೆರೆ ಎಳೆದಿದ್ದೆ. ಬಳಸಲಿಲ್ಲ. ಬಾಸ್ಟನ್ನಿನವನಿಗೆ ಏನು ಅರ್ಥ ಆಗುತ್ತೆ, ವಿವರಿಸುವುದಕ್ಕೆ ಎರಡು ವಾಕ್ಯ ದಂಡ. ಮಾರನೇ ಬೆಳಗ್ಗೆ ಡಲ್ಲಾಸ್ ಕಡೆ ಹೊರಟವನು ನಾರ್ಮನ್‌ನಲ್ಲಿ ಪೆಟ್ರೋಲ್ ಹಾಕಿಸಿ, ಒಳಗೆ ಆ ಪಕ್ಕದ ಕುರ್ಚಿಯವನ ಪತ್ರಿಕೆ ತಗೊಂಡೆ. ಮೊದಲ ವಾಕ್ಯದಲ್ಲೇ ರಿಂಕ್ ಇತ್ತು. ಏನೂ ವಿವರಿಸಿರಲಿಲ್ಲ. ಕೌಂಟರಿನ ಹೆಂಗಸು ಚಿಲ್ಲರೆ ಕೊಡುತ್ತಾ ಪುಟ ನೋಡಿ, 'ನನ್ನ ಮಕ್ಕಳನ್ನ ಅಲ್ಲಿಗೆ ಸ್ಕೇಟಿಂಗ್‌ಗೆ ಕರ್ಕೊಂಡು ಹೋಗ್ತಿದ್ದೆ,' ಅಂದಳು.