ಅಮೆರಿಕದ ಕೌಂಟಿಗಳ ಮನೆವಾರು ಆದಾಯದ ಮಧ್ಯಾಂಕವನ್ನು ಅಂದಾಜಿಸುವ ಬಗೆ

ಅಮೆರಿಕದ ರಾಜ್ಯಗಳೊಳಗಿನ ಜಿಲ್ಲೆಯಂಥ ಆಡಳಿತ ವಿಭಾಗವಾದ ಕೌಂಟಿಯೊಂದರ ಎಲ್ಲ ಮನೆಗಳನ್ನು ಆದಾಯದ ಏರಿಕೆಯ ಕ್ರಮದಲ್ಲಿ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಮನೆಯ ಆದಾಯವೇ ಮಧ್ಯಾಂಕ. ಬೆರಳೆಣಿಕೆಯ ಸಿರಿವಂತರಿಂದ ಸರಾಸರಿ ಮೇಲೇರುವಂತೆ ಇದು ಏರುವುದಿಲ್ಲ. ಆದರೆ 2020ರ ಜನಗಣತಿಯಲ್ಲಿ ಒಂದು ಕೋಟಿ ದಾಟಿದ ಲಾಸ್ ಏಂಜಲೀಸ್ ಕೌಂಟಿಗೂ ಕೇವಲ 64 ಜನರಿದ್ದ ಟೆಕ್ಸಾಸ್‌ನ ಲವಿಂಗ್ ಕೌಂಟಿಗೂ ಒಂದೇ ವಿಧಾನ ಒಗ್ಗುವುದಿಲ್ಲವಾದ್ದರಿಂದ, ಮೊದಲು ನೋಡಬೇಕಾದದ್ದು ಆದಾಯವನ್ನಲ್ಲ, ಜನಸಂಖ್ಯೆಯನ್ನು.

ಮೂಲ ಆಕರ ಅಲ್ಲಿನ ಜನಗಣತಿ ಸಂಸ್ಥೆಯಾದ ಸೆನ್ಸಸ್ ಬ್ಯೂರೋ ವರ್ಷವಿಡೀ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆ. ಜನಸಂಖ್ಯೆ 65,000 ಅಥವಾ ಅದಕ್ಕಿಂತ ಹೆಚ್ಚಿರುವ ಕೌಂಟಿಗಳಿಗೆ ಒಂದು ವರ್ಷದ ಅಂದಾಜು ಪ್ರಕಟವಾಗುತ್ತದೆ. ಅದಕ್ಕಿಂತ ಚಿಕ್ಕ ಕೌಂಟಿಗಳಿಗೆ ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸಿ, ಕೊನೆಯ ವರ್ಷದ ಡಾಲರ್ ಮೌಲ್ಯಕ್ಕೆ ತಂದು ಕೊಟ್ಟ ಅಂದಾಜನ್ನೇ ನೆಚ್ಚಬೇಕು. ಬಿ19013 ಎಂಬ ಕೋಷ್ಟಕದಲ್ಲಿ ಮಧ್ಯಾಂಕದ ಪಕ್ಕದಲ್ಲೇ ಅಂದಾಜು ಎಷ್ಟು ಆಚೀಚೆ ಇರಬಹುದೆಂದು ತಿಳಿಸುವ, ಶೇ. 90ರ ವಿಶ್ವಾಸ ಮಟ್ಟದ ದೋಷಮಿತಿಯೂ ಇರುತ್ತದೆ. ಅದನ್ನು 1.645ರಿಂದ ಭಾಗಿಸಿದರೆ ಅಂದಾಜಿನ ಅನಿಶ್ಚಿತತೆಯ ಮೂಲ ಅಳತೆಯಾದ ಪ್ರಮಾಣ ದೋಷ ಸಿಗುತ್ತದೆ. ಈ ಭಾಗಾಕಾರವನ್ನು ಮಾಡದೆ ಚಿಕ್ಕ ಕೌಂಟಿಗಳಿಗೆ ಒಂದು, ಎರಡು, ಮೂರು ಎಂದು ಸ್ಥಾನ ಹಂಚುವ ಪಟ್ಟಿಗಳಿಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ಅಳೆಯುತ್ತಿರುವುದು ಏನನ್ನು ಎಂಬುದೂ ಸ್ಪಷ್ಟವಿರಲಿ. ಒಂಟಿಯಾಗಿ ಬಾಳುವವರ ಮನೆಗಳೂ ಲೆಕ್ಕಕ್ಕೆ ಬರುವುದರಿಂದ ಮನೆವಾರು ಮಧ್ಯಾಂಕವು ಕುಟುಂಬದ ಮಧ್ಯಾಂಕಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಸೆರೆಮನೆ, ವಿದ್ಯಾರ್ಥಿನಿಲಯಗಳ ವಾಸಿಗಳು ಇದರಲ್ಲಿ ಸೇರುವುದಿಲ್ಲ. ಹೊರಗೆ ಬಾಡಿಗೆ ಮನೆ ಹಿಡಿದ ವಿದ್ಯಾರ್ಥಿಗಳು ಸೇರುತ್ತಾರೆ. ಹಾಗಾಗಿ ದೊಡ್ಡ ವಿಶ್ವವಿದ್ಯಾಲಯವಿರುವ ಚಿಕ್ಕ ಕೌಂಟಿಯ ಅಂಕಿ ಅಲ್ಲಿನ ನೆಲೆನಿಂತ ಜನರ ಸ್ಥಿತಿಗಿಂತ ಬಡವಾಗಿ ಕಾಣಬಹುದು.

ಚಿಕ್ಕ ಕೌಂಟಿಗೂ ಒಂದೇ ವರ್ಷದ ಅಂದಾಜು ಬೇಕೆಂದಾದರೆ ಬ್ಯೂರೋದ ಸೈಪ್ (ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ ಅಂದಾಜು) ಕಾರ್ಯಕ್ರಮದತ್ತ ತಿರುಗಬೇಕು. ಸಮೀಕ್ಷೆಯ ನೇರ ಅಂದಾಜನ್ನು ತೆರಿಗೆ ರಿಟರ್ನ್‌ಗಳಲ್ಲಿನ ಆದಾಯದಂಥ ಆಡಳಿತ ದಾಖಲೆಗಳೊಂದಿಗೆ ರಿಗ್ರೆಷನ್ (ಒಂದು ಅಂಕಿಯಿಂದ ಇನ್ನೊಂದನ್ನು ಅಂದಾಜಿಸುವ ಗಣಿತ ಸಂಬಂಧ) ಮೂಲಕ ಬೆಸೆದು, ಆ ಸಂಬಂಧದಿಂದ ಪ್ರತಿ ಕೌಂಟಿಗೂ ಒಂದು ಮುನ್ಸೂಚಿತ ಮೌಲ್ಯವನ್ನು ಪಡೆದು, ಕೊನೆಗೆ ಎರಡನ್ನೂ ಅವುಗಳ ನಂಬಿಕೆಗೆ ತಕ್ಕ ತೂಕದಲ್ಲಿ ಬೆರೆಸುವುದು ಇದರ ಕ್ರಮ. ಈ ಆಲೋಚನೆಯ ಬೇರು ಸಣ್ಣ ಊರುಗಳ ಆದಾಯವನ್ನು ಅಂದಾಜಿಸಲು ರಾಬರ್ಟ್ ಫೇ ಮತ್ತು ರೋಜರ್ ಹೆರಿಯಟ್ 1979ರಲ್ಲಿ ಪ್ರಕಟಿಸಿದ ವಿಧಾನದಲ್ಲಿದೆ.

ಒಂದು ಕಾಲ್ಪನಿಕ ಕೌಂಟಿಯನ್ನು ತೆಗೆದುಕೊಳ್ಳೋಣ. ಅಲ್ಲಿ ಸಮೀಕ್ಷೆ ಹೇಳುವ ಮಧ್ಯಾಂಕ 58,000 ಡಾಲರ್, ದೋಷಮಿತಿ 9,870. ಅಂದರೆ ಪ್ರಮಾಣ ದೋಷ 6,000. ರಿಗ್ರೆಷನ್ ಕೊಡುವ ಮೌಲ್ಯ 50,000, ಅದರ ದೋಷ 3,000. ದೋಷಗಳನ್ನು ಅವುಗಳಿಂದಲೇ ಗುಣಿಸಿದರೆ ಸಿಗುವ ವರ್ಗಗಳು 36 ಮತ್ತು 9ರ ಅನುಪಾತದಲ್ಲಿರುವುದರಿಂದ, ದೋಷ ಹೆಚ್ಚಿದ್ದಷ್ಟೂ ತೂಕ ಕಡಿಮೆ ಎಂಬಂತೆ ಸಮೀಕ್ಷೆಗೆ 45ರಲ್ಲಿ 9 ಪಾಲು, ಅಂದರೆ 0.2ರ ತೂಕ, ರಿಗ್ರೆಷನ್ನಿಗೆ 0.8. ಬೆರೆಸಿದ ಅಂದಾಜು 51,600 ಡಾಲರ್, ಅದರ ದೋಷ ಸುಮಾರು 2,700, ಎರಡು ಮೂಲಗಳ ದೋಷಕ್ಕಿಂತಲೂ ಕಡಿಮೆ. ನಿಜವಾದ ಲೆಕ್ಕ ಲಾಗರಿದಮ್ ಅಳತೆಯಲ್ಲಿ ನಡೆಯುತ್ತದೆ, ತರ್ಕ ಮಾತ್ರ ಇದೇ. ದೊಡ್ಡ ಕೌಂಟಿಯಲ್ಲಿ ತೂಕ ತಾನಾಗಿಯೇ ಸಮೀಕ್ಷೆಯ ಕಡೆಗೆ ವಾಲುತ್ತದೆ. ತೆರಿಗೆ ದಾಖಲೆಯ ಆದಾಯವನ್ನೇ ನೇರವಾಗಿ ಮಧ್ಯಾಂಕವೆಂದು ಬಳಸುವ ಅಡ್ಡದಾರಿ ಮಾತ್ರ ಬೇಡ: ಅದರಲ್ಲಿ ಆಸ್ತಿ ಮಾರಾಟದ ಲಾಭವೂ ಸೇರಿರುತ್ತದೆ, ಸಮೀಕ್ಷೆಯ ಆದಾಯದಲ್ಲಿ ಸೇರುವುದಿಲ್ಲ, ಮೇಲಾಗಿ ಒಂದೇ ಮನೆಯಿಂದ ಎರಡು ಮೂರು ರಿಟರ್ನ್‌ಗಳು ಸಲ್ಲಿಕೆಯಾಗಬಹುದು.

ಹಲವು ಕೌಂಟಿಗಳನ್ನು ಸೇರಿಸಿ ಒಂದೇ ಅಂಕಿ ಬೇಕಾದಾಗ ಮಧ್ಯಾಂಕಗಳ ಸರಾಸರಿ ತೆಗೆಯುವುದು ತಪ್ಪು. ಮನೆಗಳ ಸಂಖ್ಯೆಗೆ ತಕ್ಕ ತೂಕ ಕೊಟ್ಟರೂ ಅದು ಮಧ್ಯಾಂಕವಾಗುವುದಿಲ್ಲ. ಮನೆಗಳನ್ನು 16 ಆದಾಯ ವರ್ಗಗಳಲ್ಲಿ ಹಂಚಿರುವ ಬಿ19001 ಕೋಷ್ಟಕವನ್ನು ತೆಗೆದು, ವರ್ಗವಾರು ಮನೆಗಳನ್ನು ಕೂಡಿಸಿ, ನಡುವಿನ ಮನೆ ಯಾವ ವರ್ಗದಲ್ಲಿ ಬೀಳುತ್ತದೆಂದು ನೋಡಬೇಕು. ಒಟ್ಟು 10,000 ಮನೆಗಳಲ್ಲಿ 4,600 ಮನೆಗಳು 50,000 ಡಾಲರಿಗಿಂತ ಕೆಳಗಿದ್ದು, 50,000ದಿಂದ 59,999ರ ವರ್ಗದಲ್ಲಿ 1,000 ಮನೆಗಳಿದ್ದರೆ, 5,000ನೆಯ ಮನೆಯನ್ನು ಮುಟ್ಟಲು ಆ ವರ್ಗದೊಳಗೆ 400 ಮನೆ ದಾಟಬೇಕು. ಆದ್ದರಿಂದ ಮಧ್ಯಾಂಕ ಸುಮಾರು 54,000. ವರ್ಗದೊಳಗೆ ಮನೆಗಳು ಸಮನಾಗಿ ಹರಡಿವೆ ಎಂಬ ಊಹೆ ಇದರ ಹಿಂದಿದೆ. ಅಗಲವಾದ ಮೇಲಿನ ವರ್ಗಗಳಲ್ಲಿ ಆ ಊಹೆ ಸಡಿಲವಾಗುತ್ತದೆ, ಅಲ್ಲಿ ಆದಾಯ ಏರಿದಂತೆ ಮನೆಗಳು ವಿರಳವಾಗುತ್ತವೆ ಎಂದು ಎಣಿಸುವ ಪರೇಟೊ ವಿಧಾನ ಮೇಲು.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಐದು ವರ್ಷದ ಅವಧಿಗಳು ಒಂದರ ಮೇಲೊಂದು ಬೀಳಬಾರದು: 2014–2018ನ್ನು 2019–2023ರೊಂದಿಗೆ ಹೋಲಿಸಬಹುದು, 2018–2022ನ್ನು ಅದರೊಂದಿಗೆ ಹೋಲಿಸಬಾರದು. ಸಾಂಕ್ರಾಮಿಕದ ಕಾರಣ 2020ಕ್ಕೆ ಒಂದು ವರ್ಷದ ಎಂದಿನ ಅಂದಾಜುಗಳು ಪ್ರಕಟವಾಗಲಿಲ್ಲ, ಆ ಖಾಲಿ ಜಾಗವನ್ನು ಅಕ್ಕಪಕ್ಕದ ವರ್ಷಗಳಿಂದ ಊಹಿಸಿ ತುಂಬದಿರುವುದೇ ಲೇಸು. ಇನ್ನು ಕನೆಕ್ಟಿಕಟ್‌ನಲ್ಲಿ 2022ರ ಸಮೀಕ್ಷೆಯಿಂದ 8 ಹಳೆಯ ಕೌಂಟಿಗಳ ಬದಲು 9 ಯೋಜನಾ ಪ್ರದೇಶಗಳ ಅಂಕಿಗಳು ಬರುತ್ತಿರುವುದರಿಂದ, ಆ ರಾಜ್ಯದ ಹಳೆಯ ಸರಣಿಯನ್ನು ನೇರವಾಗಿ ಮುಂದುವರಿಸಲಾಗದು.